ಹತ್ತಿದ್ದಷ್ಟೇ ಲೆಕ್ಕ

ನಮ್ಮ ಭಾವನವರನ್ನು ಒಬ್ಬ ಆಸಾಮಿ ಅನ್ನುವುದಕ್ಕಿಂತ ಒಂದು ಜಾತಿ ಅನ್ನುವುದು ಸರಿ. ಒಂದು ಕಾಲಕ್ಕೆ ಬೆಟ್ಟಗುಡ್ಡ ಓಡಿ, ಆಮೇಲೆ ಮಂಡಿನೋವಿನ ನೆಪದಲ್ಲಿ ಸೋಫಾ ಸೇರಿ, ಐವತ್ತರ ಹೊಸ್ತಿಲಲ್ಲಿ ಮತ್ತೆ ಶೂ ಲೇಸು ಬಿಗಿದವರ ಜಾತಿ ಅದು. ಇವರಿಗೆ ಹೊಸಬರ ಭಯ ಇರುವುದಿಲ್ಲ, ಹಳಬರ ಉಸಿರೂ ಇರುವುದಿಲ್ಲ.

ಏಳು ವರ್ಷದ ಹಿಂದೆ ಭಾವ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ. ಓಡಿದ್ದರು. ಆಗಿನ ಟೀ ಶರ್ಟಿನಲ್ಲಿ ಅಕ್ಕ ಇಷ್ಟು ದಿನ ಗ್ರೈಂಡರ್ ಒರೆಸುತ್ತಿದ್ದಳು. ಈ ವರ್ಷ ಒಂದು ಬೆಳಿಗ್ಗೆ ಅದು ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಬೀರುವಿಗೆ ಬಡ್ತಿ ಪಡೆಯಿತು. ಗ್ರಹಚಾರ ಕೂಡಿಬಂದಿದೆ ಎಂದು ನಮಗೆ ಗೊತ್ತಾಯಿತು.

"42 ಕಿ.ಮೀ. ಮ್ಯಾರಥಾನ್ ಸಾಲದೇ ಭಾವ?" ಅಂದಿರೋ, ಕೆಟ್ಟಿರಿ. ಕ್ಯಾಲಿಫೋರ್ನಿಯಾದ ಕುದುರೆ ಕಥೆ ಶುರು. ಅಲ್ಲಿ 100 ಮೈಲಿಯ ಬೆಟ್ಟದ ಹಾದಿಯಲ್ಲಿ ಕುದುರೆ ರೇಸು. ಗಾರ್ಡಿ ಐನ್ಸ್‌ಲೀ ಎಂಬಾತನ ಕುದುರೆ 1973ರಲ್ಲಿ ಕುಂಟಿತು. ಮರುವರ್ಷ ಪುಣ್ಯಾತ್ಮ ಕುದುರೆಯಿಲ್ಲದೆ ತಾನೇ ಓಡಿ 23 ಗಂಟೆ 42 ನಿಮಿಷದಲ್ಲಿ ಮುಗಿಸಿದ. ಅದರಿಂದಲೇ ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು.

"ಕುಂಟಿದ ಮೇಲೆ ಸುಮ್ಮನಾಗೋ ಬುದ್ಧಿ ಕುದುರೆಗಾದ್ರೂ ಇತ್ತಲ್ಲ," ಅಂದಳು ಅಕ್ಕ, ಹುರುಳಿಕಾಯಿ ಮುರಿಯುತ್ತ.

ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಬೆಟ್ಟ ಎಲ್ಲಿಂದ ತರುವುದು? ಅಪಾರ್ಟ್‌ಮೆಂಟಿನ 14 ಮಹಡಿಯೇ ಬೆಟ್ಟವಾಯಿತು. ಮಹಡಿಗೆ 3 ಮೀಟರಿನಂತೆ ಒಂದು ಸುತ್ತಿಗೆ 42 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ 46 ಸುತ್ತು. ನಾನು ಸುಮ್ಮನಿರಲಾರದೆ, "ಭಾವ, ಅದು ಸಮುದ್ರಮಟ್ಟದಿಂದ. ಬೆಂಗಳೂರೇ 920 ಮೀಟರ್ ಮೇಲಿದೆ, ಕಳೀಬೇಕು," ಅಂದೆ. ಅವರ ಮುಖದಲ್ಲಿ ಸಾಲ ಮನ್ನಾ ಆದ ರೈತನ ಕಳೆ. ಅಂದಿನಿಂದ 24 ಸುತ್ತಿಗೆ ಮುಳ್ಳಯ್ಯನಗಿರಿ. ಕೊರೆಯಾದ 2 ಮೀಟರನ್ನು ಅಟ್ಟ ಹತ್ತಿ ಹಪ್ಪಳದ ಡಬ್ಬ ಇಳಿಸಿ ಸರಿಮಾಡುತ್ತಿದ್ದರು. ಆ ತಿಂಗಳು ನಾವು ತಿಂದ ಹಪ್ಪಳಕ್ಕೆ ಮಿತಿಯಿಲ್ಲ.

ಇಳಿಯುವುದು ಮಾತ್ರ ಲಿಫ್ಟಿನಲ್ಲಿ. "ಎಷ್ಟು ಮೀಟರ್ ಹತ್ತಿದೆ ಅಂತ ಕೇಳ್ತಾರಯ್ಯ, ಎಷ್ಟು ಇಳಿದೆ ಅಂತ ಯಾರೂ ಕೇಳಲ್ಲ." ಮಾತು ನಿಜ. ವಾಚೂ ಹಾಗೇ ಹೇಳುತ್ತಿತ್ತು.

ಓಟದ ದಿನ ನಾನು ಡ್ರೈವರು. ಮಳೆ ಬಿಟ್ಟರೂ ಇಂಬಳ ಬಿಡದ ಕಾಲ. ಭಾವ ಸಾಕ್ಸಿನ ಸುತ್ತ ನಶ್ಯ ಉಜ್ಜಿಕೊಂಡು, ತಾವೇ ಆರು ಸಲ ಸೀನಿ, ಹೆಡ್‌ಲ್ಯಾಂಪ್ ಹಚ್ಚಿಕೊಂಡು ಕತ್ತಲಲ್ಲಿ ಕರಗಿದರು. ಹೊರಗಿನವರಿಗೆ ತಿಳಿಯದ ಗುಟ್ಟೊಂದಿದೆ: ಏರಿನಲ್ಲಿ ಯಾರೂ ಓಡುವುದಿಲ್ಲ. ಮಂಡಿಯ ಮೇಲೆ ಕೈಯೂರಿ, ಹರಕೆ ಹೊತ್ತವರಂತೆ ನಡೆಯುತ್ತಾರೆ. ಹಾಗೆ ಏರುತ್ತಿದ್ದ ಭಾವನನ್ನು ನೋಡಿ ತೋಟದ ಕೆಲಸದ ಹೆಂಗಸೊಬ್ಬಳು, "ಜೀಪ್ ಕೆಟ್ಟೋಯ್ತಾ ಸಾರ್?" ಎಂದು ಮರುಗಿದಳಂತೆ.

ಅರ್ಧ ದಾರಿಯ ಟೇಬಲ್ಲಿನಲ್ಲಿ ಸಿಕ್ಕಾಗ ಮಾತ್ರ ಮಹಾರಾಜರ ಗತ್ತು. ಬೇಯಿಸಿದ ಆಲೂಗಡ್ಡೆಯನ್ನು ಉಪ್ಪಿಗೆ ಅದ್ದಿ ಬಾಯಿಗೆ ಹಾಕಿಕೊಂಡು, "ಏರೆಲ್ಲ ಬೆಣ್ಣೆ ಹಾಗೆ ಹೋಯ್ತು. ಇನ್ನೇನು, ಬರೀ ಇಳಿಜಾರು," ಅಂದರು.

ಆ ಬರೀ ಇಳಿಜಾರೇ ಜೀವ ತೆಗೆದದ್ದು. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ತಡೆಯುತ್ತಲೇ ಹಿಗ್ಗಬೇಕು. ರೂಢಿಯಿಲ್ಲದಿದ್ದರೆ ಅದರ ಎಳೆಗಳಿಗೆ ಪೆಟ್ಟು. ಲಿಫ್ಟಿಗೆ ಇದೆಲ್ಲ ಗೊತ್ತಿರುತ್ತದೆಯೇ? 40ನೇ ಕಿ.ಮೀ. ಆದ ಮೇಲೆ ಭಾವ ಏಡಿಯ ಹಾಗೆ ಅಡ್ಡಡ್ಡ ಇಳಿದರು. ಕೊನೆಯ ಇಳುಕಲಿನಲ್ಲಿ ಕಾಫಿಗಿಡಗಳನ್ನು ಒಂದೊಂದಾಗಿ ತಬ್ಬಿಕೊಂಡು ಬಂದರು. ಕಟ್ ಆಫ್‌ಗೆ ಒಂಬತ್ತು ನಿಮಿಷ ಉಳಿದಿತ್ತು. ಕಾಲ್ಬೆರಳ ಉಗುರು ಎರಡು ಕಪ್ಪಾಗಿದ್ದವು. ಕೊರಳಲ್ಲಿ ಮೆಡಲ್, ಕಿವಿಯ ಹಿಂದೆ ಒಂದು ಇಂಬಳ. ನಶ್ಯ ಅಷ್ಟೆತ್ತರ ಮುಟ್ಟಿರಲಿಲ್ಲ.

ರಾತ್ರಿ ಮನೆ ತಲುಪಿದರೆ ಲಿಫ್ಟಿಗೆ ಚೀಟಿ: ರಿಪೇರಿಯಲ್ಲಿದೆ. "ಬಿಡಯ್ಯ, 42 ಮೀಟರ್ ತಾನೆ," ಎಂದು ನಕ್ಕು 14 ಮಹಡಿ ಹತ್ತಿಯೇಬಿಟ್ಟರು. ಈ ನೋವಿನ ಗುಣವೇ ಹಾಗೆ, ಪೂರ್ತಿ ಬಲಿಯುವುದು ಮರುದಿನ, ಅದರ ಮರುದಿನ. ಬೆಳಿಗ್ಗೆ ಆಫೀಸಿಗೆ ಹೊರಟವರು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, "ಅಯ್ಯೋ ಅಮ್ಮಾ" ಎಂದು ಕಂಬಿ ಹಿಡಿದು ಕೂತರು. ಹಿಮ್ಮುಖವಾಗಿ ಎರಡು ಮೆಟ್ಟಿಲು ಇಳಿದು ನೋಡಿದರು. ಉಳಿದ ಮೆಟ್ಟಿಲುಗಳನ್ನು ಎಣಿಸಿದರು. ಆಮೇಲೆ ಅಕ್ಕನ ಕೈಯಿಂದ ಫೋನು ತರಿಸಿಕೊಂಡು ಅಲ್ಲಿಂದಲೇ ಎರಡು ದಿನ ರಜೆ ಹಾಕಿದರು. ಕಾರಣ: ಲಿಫ್ಟ್ ರಿಪೇರಿ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಏನ್ರೀ, ಎರಡು ಮೆಟ್ಟಿಲು ವಾಪಸ್ ಹತ್ತಿ ಬರ್ತೀರೋ, ತಿಂಡಿ ಅಲ್ಲಿಗೇ ತರಲೋ?"

"ಹತ್ತೋದು ಬಿಡೇ, ಹತ್ತೋದು ಸಲೀಸು," ಅಂದರು ಭಾವ.