ಉಭಯ ಕುಶಲೋಪರಿ: 1818ರ ಮೂರನೇ ರೆಗ್ಯುಲೇಷನ್ ಅಜ್ಜನವರಿಗೊಂದು ಬಹಿರಂಗ ಪತ್ರ

ತೀರ್ಥರೂಪ ಸಮಾನರಾದ 1818ರ ಬಂಗಾಳದ ಮೂರನೇ ರೆಗ್ಯುಲೇಷನ್ ಅಜ್ಜನವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಕುಶಲದ ಮಾತಿನಿಂದಲೇ ಪತ್ರ ಶುರುಮಾಡುವುದು ನಿಮಗೆ ಒಪ್ಪುತ್ತದೆ. ಹಿಡಿದು ಒಳಗಿಟ್ಟವರ ಯೋಗಕ್ಷೇಮ ವಿಚಾರಿಸುವುದರಲ್ಲಿ ನಿಮ್ಮಷ್ಟು ಮುತುವರ್ಜಿ ತೋರಿದ ಕಾನೂನು ಅಪರೂಪ. ರಾಜಬಂದಿಯ ನಡತೆ ಹೇಗಿದೆ, ಆರೋಗ್ಯ ಹೇಗಿದೆ, ಅನುಕೂಲಗಳೆಲ್ಲ ಸರಿಯಾಗಿವೆಯೇ ಎಂದು ಅವನ ಕಾವಲಿನ ಅಧಿಕಾರಿ ವರ್ಷಕ್ಕೆ ಎರಡು ಸಲ, ಜನವರಿ 1ಕ್ಕೊಮ್ಮೆ ಜುಲೈ 1ಕ್ಕೊಮ್ಮೆ, ಗವರ್ನರ್ ಜನರಲ್ಲರಿಗೆ ವರದಿ ಕಳಿಸಬೇಕೆಂದು ನೀವೇ ಕಟ್ಟುಮಾಡಿದ್ದೀರಿ. ಬಂಧನದ ಬಿಗಿಯಿಂದ ಮೈಗೇನಾದರೂ ಕೆಡುಕಾದೀತೇ? ಅವನಿಗೂ ಅವನ ಸಂಸಾರಕ್ಕೂ ಕೊಡುವ ಭತ್ಯೆ ಅವರ ಅಂತಸ್ತಿಗೆ ಸಾಲುತ್ತದೆಯೇ? ಇದನ್ನೂ ಅಧಿಕಾರಿ ಬರೆಯಬೇಕು. ಬೀಗರ ಮನೆಯವರು ಕೂಡ ಇಷ್ಟು ಕೇಳುವುದಿಲ್ಲ. ಹೀಗೆ ಎಲ್ಲವನ್ನೂ ವಿಚಾರಿಸಿದ ನೀವು ಒಂದೇ ಒಂದು ಪ್ರಶ್ನೆಯನ್ನು ಕೈಬಿಟ್ಟಿರಿ: ಈತ ಮಾಡಿದ್ದೇನು?

ಮರೆತು ಕೈಬಿಟ್ಟಿರಿ ಎಂದರೆ ನಿಮ್ಮ ಜಾಣತನಕ್ಕೆ ಅಪಚಾರ. ನಿಮ್ಮ ಪೀಠಿಕೆಯಲ್ಲೇ ನೀವು ಬಾಯಿಬಿಟ್ಟು ಹೇಳಿದ್ದೀರಿ. ಮೊಕದ್ದಮೆ ಹೂಡಲು ಸಾಕಷ್ಟು ಆಧಾರ ಇಲ್ಲದವರನ್ನು, ಇಲ್ಲವೇ ಮೊಕದ್ದಮೆ ಹೂಡುವುದು ಸಂದರ್ಭಕ್ಕೆ ಒಗ್ಗದು ಅಥವಾ ಉಚಿತವಲ್ಲ ಎನಿಸಿದವರನ್ನು, ರಾಜ್ಯದ ಕಾರಣಗಳಿಗಾಗಿ ಬಂಧನದಲ್ಲಿ ಇಡಬೇಕಾಗುತ್ತದೆ ಎನ್ನುವುದೇ ನಿಮ್ಮ ಹುಟ್ಟಿನ ಉದ್ದೇಶ. ಉಳಿದ ಕಾನೂನುಗಳಲ್ಲಿ ಸಾಕ್ಷ್ಯ ಇಲ್ಲದಿದ್ದರೆ ಆರೋಪಿ ಮನೆಗೆ ಹೋಗುತ್ತಾನೆ. ನಿಮ್ಮಲ್ಲಿ ಸಾಕ್ಷ್ಯ ಇಲ್ಲದಿರುವುದೇ ಒಳಗೆ ಬರಲು ಬೇಕಾದ ಅರ್ಹತೆ. ನೀವು ಜೊತೆಗಿಟ್ಟುಕೊಂಡ ವಾರಂಟಿನ ನಮೂನೆಯನ್ನು ನೋಡಿದರೂ ಸಾಕು. ಬಂದಿಯ ಹೆಸರು ತುಂಬಲು ಖಾಲಿ ಜಾಗವಿದೆ, ಎಲ್ಲಿಡಬೇಕು ಎಂಬುದಕ್ಕೂ ಇದೆ. ಕಾರಣಕ್ಕೆ ಮಾತ್ರ ಜಾಗವಿಲ್ಲ. ಒಳ್ಳೆಯ ಹಾಗೂ ಸಾಕಷ್ಟು ಕಾರಣಗಳಿವೆ ಎಂದು ಮೊದಲೇ ಅಚ್ಚುಹಾಕಿ ಇಟ್ಟಿದ್ದೀರಿ. ಹುಡುಗ ಯಾರೆಂದು ಗೊತ್ತಾಗುವ ಮೊದಲೇ ಜಾತಕ ಕೂಡಿಬಂದಿದೆ ಎಂದು ಬರೆದಿಟ್ಟ ಜೋಯಿಸರ ಹಾಗೆ.

ಆ ನಮೂನೆಯಲ್ಲಿ 1907ರ ಮೇ ತಿಂಗಳಲ್ಲಿ ತುಂಬಿದ ಹೆಸರು ಲಾಲಾ ಲಜಪತರಾಯ್. ಮೇ 9ರಂದು ಲಾಹೋರಿನಲ್ಲಿ ಹಿಡಿದು ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿದರು. ಹಿಂದೆಯೇ ಅಜಿತ್ ಸಿಂಗರನ್ನೂ ಅಲ್ಲಿಗೇ ಸಾಗಿಸಿದರು. ಪಂಜಾಬಿನ ಕಾಲುವೆ ಪ್ರದೇಶಗಳ ರೈತರು ಹೊಸ ವಸಾಹತು ಮಸೂದೆಯ ವಿರುದ್ಧ ಎದ್ದಿದ್ದರು. ಜೊತೆಗೆ, ಮೇ 10ಕ್ಕೆ 1857ರ ದಂಗೆಗೆ ಐವತ್ತು ವರ್ಷ ತುಂಬುತ್ತದೆ ಎಂಬ ನಡುಕವೂ ಸರ್ಕಾರಕ್ಕಿತ್ತು. ಸ್ವಾರಸ್ಯ ಇರುವುದು ಮುಂದೆ. ಅದೇ ಮೇ ಮುಗಿಯುವ ಮೊದಲೇ ವೈಸ್‌ರಾಯ್ ಮಿಂಟೋ ಆ ಮಸೂದೆಗೆ ಅಂಕಿತ ಹಾಕಲು ನಿರಾಕರಿಸಿದರು. ಅಂದರೆ ರೈತರ ದೂರು ಸರಿ ಎಂದು ಸರ್ಕಾರವೇ ಒಪ್ಪಿತು. ದೂರನ್ನು ಎತ್ತಿ ಆಡಿದವರು ಮಾತ್ರ ಮಂಡಾಲೆಯಲ್ಲಿ ನವೆಂಬರಿನವರೆಗೂ ಉಳಿದರು. ಆಮೇಲೆ ಬಿಟ್ಟರು. ಆರೋಪ ಹೊರಿಸಿ ಬಿಟ್ಟದ್ದೂ ಅಲ್ಲ, ಆರೋಪ ತಪ್ಪೆಂದು ಬಿಟ್ಟದ್ದೂ ಅಲ್ಲ. ಈ ಎಲ್ಲಕ್ಕೂ ಲಂಡನ್ನಿನಲ್ಲಿ ಉತ್ತರ ಕೊಡಬೇಕಾಗಿದ್ದವರು ಗ್ಲ್ಯಾಡ್‌ಸ್ಟನ್ನರ ಜೀವನ ಚರಿತ್ರೆ ಬರೆದ ಮಹಾ ಉದಾರವಾದಿ, ಭಾರತ ವ್ಯವಹಾರಗಳ ಮಂತ್ರಿ ಜಾನ್ ಮಾರ್ಲಿ. ಅವರಿಗೆ ನಿಮ್ಮ ಬಗ್ಗೆ ಒಳಗೊಳಗೇ ಮುಜುಗರವಿತ್ತಂತೆ. ಮುಜುಗರಪಟ್ಟುಕೊಂಡೇ ಅವರು ನಿಮ್ಮನ್ನು ಸಮರ್ಥಿಸಿದರು. ಮಂಡಾಲೆಯಲ್ಲಿ ಇದ್ದವರಿಗೆ ಅವರ ಮುಜುಗರದಿಂದ ಬಂದ ಭತ್ಯೆ ಎಷ್ಟೆಂದು ದಾಖಲೆಯಿಲ್ಲ.

ನಿಮ್ಮ ಪರ ವಹಿಸುವವರು ಇಲ್ಲಿ ಎದ್ದು ನಿಲ್ಲುತ್ತಾರೆ, ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಆ ಕಾಲದಲ್ಲಿ ನಿಜವಾಗಿಯೂ ಗುಂಡು ಹಾರುತ್ತಿತ್ತು, ಬಾಂಬು ಸಿಡಿಯುತ್ತಿತ್ತು, ರಾಜ್ಯ ಕಣ್ಣುಮುಚ್ಚಿ ಕೂರಬೇಕಿತ್ತೇ ಎಂದು ಅವರು ಕೇಳುತ್ತಾರೆ. ಸರಿ, ಗುಂಡು ಹಾರಿಸಿದವರಿಗೆ ಏನಾಯಿತು ನೋಡೋಣ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಕೊಲೆಯಾಯಿತು. ದಾಮೋದರ ಚಾಪೇಕರರ ಮೇಲೆ ಮೊಕದ್ದಮೆ ನಡೆಯಿತು, ಮರುವರ್ಷ ಗಲ್ಲಾಯಿತು. ಅದೇ ಕೊಲೆಯ ಹೆಸರಿನಲ್ಲಿ ಬಂಧಿಸಿದ ನಾಟು ಸಹೋದರರ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. 1908ರಲ್ಲಿ ಮುಜಫರಪುರದಲ್ಲಿ ಬಾಂಬು ಸಿಡಿಯಿತು. ಖುದಿರಾಮ್ ಬೋಸ್ ಕೋರ್ಟಿನ ಮುಂದೆ ನಿಂತು ಗಲ್ಲಿಗೇರಿದರು. ಆ ಸಂಬಂಧದ ಅಲೀಪುರ ಪಿತೂರಿ ಮೊಕದ್ದಮೆ ತಿಂಗಳುಗಟ್ಟಲೆ ನಡೆದು, ಕೆಲವರಿಗೆ ಶಿಕ್ಷೆಯಾಯಿತು, ಅರವಿಂದ ಘೋಷರು 1909ರ ಮೇ ತಿಂಗಳಲ್ಲಿ ಖುಲಾಸೆಯಾದರು. ಸರ್ಕಾರದ ವಿರುದ್ಧ ಯುದ್ಧ ಹೂಡಿದ ಆರೋಪ ಹೊತ್ತವರು ಅವರು. ಬಿಡುಗಡೆಯಾಗಿ ಅವರು ಇಳಿದುಕೊಂಡದ್ದು ಕಲ್ಕತ್ತದಲ್ಲಿ ತಮ್ಮ ಚಿಕ್ಕಮ್ಮನ ಮನೆಯಲ್ಲಿ. ಆಗ ಮನೆಯ ಯಜಮಾನರು ಮನೆಯಲ್ಲಿರಲಿಲ್ಲ. ಚಿಕ್ಕಮ್ಮನ ಗಂಡ ಕೃಷ್ಣಕುಮಾರ ಮಿತ್ರರು ಬ್ರಹ್ಮಸಮಾಜದ ಹಿರಿಯರು, 'ಸಂಜೀವನಿ' ಪತ್ರಿಕೆಯ ಸಂಪಾದಕರು, ಬಾಂಬಿನ ಸಹವಾಸವೇ ಬೇಡವೆನ್ನುತ್ತಿದ್ದ ಮಂದಗಾಮಿಗಳು. ಅವರು ನಿಮ್ಮ ದಯೆಯಿಂದ ಆಗ್ರಾ ಜೈಲಿನಲ್ಲಿದ್ದರು. 1908ರ ಡಿಸೆಂಬರಿನಲ್ಲಿ ಗಡೀಪಾರಾದ ಒಂಬತ್ತು ಬಂಗಾಳಿಗಳಲ್ಲಿ ಅವರೊಬ್ಬರು, ಬಾರಿಸಾಲಿನಲ್ಲಿ ಶಾಲೆ ಕಟ್ಟಿ ಬೆಳೆಸಿದ ಅಶ್ವಿನಿಕುಮಾರ ದತ್ತರು ಇನ್ನೊಬ್ಬರು. ಈ ಒಂಬತ್ತು ಜನ ಹೊರಗೆ ಬಂದದ್ದು 1910ರ ಫೆಬ್ರವರಿಯಲ್ಲಿ. ಆರೋಪ ಹೊತ್ತ ಮಗ ಮನೆಗೆ ಬಂದ, ಆರೋಪವೇ ಇಲ್ಲದ ಚಿಕ್ಕಪ್ಪ ಒಳಗೇ ಉಳಿದರು. ಅಜ್ಜ, ನಿಮ್ಮ ಇಡೀ ತತ್ವಶಾಸ್ತ್ರ ಆ ಒಂದು ಮನೆಯ ಪಡಸಾಲೆಯಲ್ಲಿ ಇತ್ತು.

ಸಾಕ್ಷಿಗಳು ಹೆದರುತ್ತಾರೆ, ಬಾಯಿಬಿಟ್ಟವರನ್ನು ಕೊಲ್ಲುತ್ತಾರೆ, ಆದ್ದರಿಂದ ಕೋರ್ಟು ಸಾಗದು ಎನ್ನುವುದು ಮುಂದಿನ ವಾದ. ಇದಕ್ಕೆ ಆಧಾರವಿಲ್ಲ ಎನ್ನಲಾರೆ. ಅಲೀಪುರ ಮೊಕದ್ದಮೆಯಲ್ಲಿ ಮಾಫಿ ಸಾಕ್ಷಿಯಾಗಿದ್ದ ನರೇನ್ ಗೋಸಾಯಿಯನ್ನು ಜೈಲಿನೊಳಗೇ 1908ರ ಆಗಸ್ಟ್ 31ರಂದು ಗುಂಡಿಟ್ಟು ಕೊಂದರು. ಆದರೆ ಅದಾದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ, ತೀರ್ಪು ಬಂತು. ಕೊಂದವರ ಮೇಲೂ ಮೊಕದ್ದಮೆ ನಡೆದು ಗಲ್ಲಾಯಿತು. ಸಾಕ್ಷಿಯ ಜೀವ ಕಾಯುವುದು ಪೊಲೀಸರ ಕೆಲಸ. ಆ ಕೆಲಸ ಕೆಟ್ಟಿತೆಂದು ಬಾರಿಸಾಲಿನ ಮೇಷ್ಟರನ್ನು ಲಖನೌ ಜೈಲಿನಲ್ಲಿ ಕೂರಿಸುವುದು, ಹೊಲಕ್ಕೆ ನುಗ್ಗಿದ ಎತ್ತು ಸಿಗಲಿಲ್ಲವೆಂದು ಕೊಟ್ಟಿಗೆಯಲ್ಲಿದ್ದ ಹಸುವನ್ನು ದೊಡ್ಡಿಗೆ ಹೊಡೆದಂತೆ. ಅದಿರಲಿ, ಸಾಕ್ಷ್ಯದ ಕೊರತೆಯೇ ನಿಮ್ಮ ಚಿಂತೆ ಆಗಿದ್ದರೆ ಗಾಂಧಿಯವರ ವಿಷಯದಲ್ಲಿ ನಿಮ್ಮ ವಂಶಕ್ಕೆ ಏನು ಕೆಲಸವಿತ್ತು? 1930ರ ಏಪ್ರಿಲ್ 6ರಂದು ದಂಡಿಯಲ್ಲಿ ಅವರು ಉಪ್ಪು ಎತ್ತಿದ್ದನ್ನು ಲೋಕವೇ ನೋಡಿತ್ತು. ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆದರೂ ಮೇ 4ರ ನಡುರಾತ್ರಿ ಕರಾಡಿಯಲ್ಲಿ ಅವರನ್ನು ಎಬ್ಬಿಸಿ ಹಿಡಿದದ್ದು ನಿಮ್ಮ ಮುಂಬಯಿಯ ತಮ್ಮ, 1827ರ 25ನೇ ರೆಗ್ಯುಲೇಷನ್ ಕೈಯಿಂದ. ವಿಚಾರಣೆಯಿಲ್ಲದೆ ಯೆರವಡಾ ಸೇರಿಸಿದರು. 1922ರಲ್ಲಿ ಒಮ್ಮೆ ಅಹಮದಾಬಾದಿನಲ್ಲಿ ಅವರನ್ನು ಕಟಕಟೆಗೆ ಹತ್ತಿಸಿ, ಅವರು ಆಡಿದ ಮಾತು ದೇಶವೆಲ್ಲ ಹರಡಿದ್ದನ್ನು ಸರ್ಕಾರ ಮರೆತಿರಲಿಲ್ಲ. ಸಾಕ್ಷ್ಯ ಇಲ್ಲದಿದ್ದರೂ ನೀವು, ಸಾಕ್ಷ್ಯ ಹೆಚ್ಚಾದರೂ ನೀವು. ಕೋರ್ಟಿನಲ್ಲಿ ಆರೋಪಿಗೆ ಬಾಯಿ ಇರುತ್ತದೆ, ನಿಮ್ಮ ತಕರಾರು ಅದರ ಮೇಲೆ.

ತಮ್ಮನ ಮಾತು ಬಂತಲ್ಲ, ನಮ್ಮ ಕನ್ನಡ ನಾಡಿಗೂ ನಿಮಗೂ ಇರುವ ಬಳಗವನ್ನು ಹೇಳಿಬಿಡುತ್ತೇನೆ. ಮದರಾಸಿನಲ್ಲಿ 1819ರ ಎರಡನೇ ರೆಗ್ಯುಲೇಷನ್ ಎಂಬ ಇನ್ನೊಬ್ಬ ತಮ್ಮ ಇದ್ದ. ಬಳ್ಳಾರಿಯವರೂ ಮಂಗಳೂರಿನವರೂ ಅವನ ಕಾವಲಿನಲ್ಲಿ, ಧಾರವಾಡ ಬೆಳಗಾವಿ ವಿಜಾಪುರದವರು ಮುಂಬಯಿಯವನ ಕಾವಲಿನಲ್ಲಿ. ಕಾರವಾರದವರಂತೂ 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿದಾಗ ಒಬ್ಬನ ಮನೆಯಿಂದ ಇನ್ನೊಬ್ಬನ ಮನೆಗೆ ವರ್ಗವಾದರು. ಏಕೀಕರಣಕ್ಕೆ ಮುಂಚೆ ಕನ್ನಡಿಗರಿಗೆ ಸಮಾನವಾಗಿ ಸಿಕ್ಕ ಸೌಕರ್ಯಗಳಲ್ಲಿ ಇದೂ ಒಂದು.

ಇನ್ನು ಇದು ಶಿಕ್ಷೆಯಲ್ಲ, ಬರೀ ಮುಂಜಾಗ್ರತೆ ಎನ್ನುವ ವಾದ. ನೀವೇ ಹೆಚ್ಚು ಇಷ್ಟಪಡುವುದು ಇದನ್ನು. ಶಿಕ್ಷೆಗೆ ಒಂದು ಅವಧಿ ಇರುತ್ತದೆ, ಕೈದಿ ದಿನ ಎಣಿಸಬಹುದು. ನಿಮ್ಮ ಮುಂಜಾಗ್ರತೆಗೆ ಅದೂ ಇಲ್ಲ. ಕೂಕಾ ಪಂಥದ ಗುರು ರಾಮ್ ಸಿಂಗರನ್ನು 1872ರಲ್ಲಿ ರಂಗೂನಿಗೆ ಸಾಗಿಸಿದಿರಿ. 1885ರಲ್ಲಿ ಬರ್ಮಾದಲ್ಲೇ ಅವರು ತೀರಿಕೊಂಡರು. ಹದಿಮೂರು ವರ್ಷದ ಮುಂಜಾಗ್ರತೆ. ಸುಭಾಷ್ ಚಂದ್ರ ಬೋಸರನ್ನು ಕಲ್ಕತ್ತ ಕಾರ್ಪೊರೇಷನ್ನಿನ ಮುಖ್ಯ ಕಾರ್ಯನಿರ್ವಾಹಕರ ಕುರ್ಚಿಯಿಂದಲೇ 1924ರ ಅಕ್ಟೋಬರಿನಲ್ಲಿ ಎತ್ತಿಕೊಂಡು ಹೋದಿರಿ. ಮಂಡಾಲೆಯಲ್ಲಿ ದುರ್ಗಾಪೂಜೆಯ ಖರ್ಚಿನ ವಿಷಯಕ್ಕೆ ಅವರೂ ಜೊತೆಯವರೂ 1926ರ ಫೆಬ್ರವರಿಯಲ್ಲಿ ಉಪವಾಸ ಕೂರಬೇಕಾಯಿತು. ಅಂತಸ್ತಿಗೆ ತಕ್ಕ ಭತ್ಯೆಯ ಕಟ್ಟಳೆಯಲ್ಲಿ ದೇವಿಯ ಲೆಕ್ಕ ಹಿಡಿದಿರಲಿಲ್ಲವೇನೋ. ಕ್ಷಯ ತಗುಲಿರಬಹುದೆಂಬ ಶಂಕೆ ಬಲವಾದ ಮೇಲೆ, 1927ರ ಮೇ ತಿಂಗಳಲ್ಲಿ ಅವರನ್ನು ಬಿಟ್ಟರು. ಇಲ್ಲಿ ನಿಮ್ಮ ಆರೋಗ್ಯ ವಿಚಾರಣೆಯ ಗುಟ್ಟು ಹೊರಬೀಳುತ್ತದೆ. ಆರೋಪವೇ ಇಲ್ಲದವನು ತಾನು ನಿರಪರಾಧಿ ಎಂದು ಸಾಧಿಸುವುದು ಹೇಗೆ? ಅರ್ಜಿ ಬರೆಯಲು ಬಿಟ್ಟಿದ್ದೀರಿ, ನಿಜ. ಯಾವ ಮಾತಿಗೆ ಉತ್ತರವಾಗಿ ಬರೆಯಬೇಕು? ಹೈಕೋರ್ಟಿಗೆ ಹೋಗಬಹುದಿತ್ತಲ್ಲ ಎಂದರೆ, 1870ರಲ್ಲಿ ನಿಮ್ಮ ಬಂದಿಯಾಗಿದ್ದ ಅಮೀರ್ ಖಾನರ ಪರವಾಗಿ ಕಲ್ಕತ್ತದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ ನೋಡಿದ್ದಾರೆ. ನೀವು ಸಿಂಧು ಎಂದು ನ್ಯಾಯಮೂರ್ತಿ ನಾರ್ಮನ್ ಅರ್ಜಿ ತಳ್ಳಿದರು. ಹಾಗಾಗಿ ರಾಜಬಂದಿ ತನ್ನ ಪರವಾಗಿ ಹಾಜರುಪಡಿಸಬಹುದಾದ ಗಟ್ಟಿ ಸಾಕ್ಷ್ಯವೆಂದರೆ ಅವನ ಕೆಮ್ಮು ಒಂದೇ.

ಸ್ವಾತಂತ್ರ್ಯ ಬಂದ ಮೇಲೆ ನಿಮ್ಮ ವಂಶ ನಿಂತುಹೋಯಿತೆಂದು ಕೊರಗಬೇಡಿ. 1932ರ ಜನವರಿಯಲ್ಲಿ ಗಾಂಧಿಯವರ ಜೊತೆಗೆ ನಿಮ್ಮ ತಮ್ಮನ ಕೈಗೆ ಸಿಕ್ಕು ವಿಚಾರಣೆಯಿಲ್ಲದೆ ಯೆರವಡಾದಲ್ಲಿ ಕೂತವರು ವಲ್ಲಭಭಾಯಿ ಪಟೇಲರು. 1950ರ ಫೆಬ್ರವರಿಯಲ್ಲಿ ಮುಂಜಾಗ್ರತಾ ಬಂಧನದ ಮಸೂದೆಯನ್ನು ಸಂಸತ್ತಿನ ಮುಂದಿಟ್ಟ ಗೃಹಮಂತ್ರಿಗಳೂ ಅವರೇ. ಒಂದು ವರ್ಷದ ಮಟ್ಟಿಗೆ ಎಂದು ಬಂದ ಆ ಕಾಯಿದೆ 1969ರ ಕೊನೆಯ ದಿನದವರೆಗೆ ಬದುಕಿತು. 1971ರಲ್ಲಿ ಆಂತರಿಕ ಭದ್ರತೆಯ ಕಾಯಿದೆ ಮೀಸಾ ಬಂತು. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿಯ ಸೆಂಟ್ರಲ್ ಜೈಲು ಸೇರಿದರು. ಮರುವರ್ಷ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಬಂದಿಗಳಿಗೆ ಕೋರ್ಟಿನ ಬಾಗಿಲು ಮುಚ್ಚಿದೆ ಎಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಬೇಗ್ ಬರೆದದ್ದನ್ನು ಓದಿದ್ದರೆ ನಿಮ್ಮ ಕಣ್ಣು ತುಂಬುತ್ತಿತ್ತು: ಬಂದಿಗಳಿಗೆ ಒಳ್ಳೆಯ ವಸತಿ, ಒಳ್ಳೆಯ ಊಟ ಸಿಗುತ್ತಿದೆ, ಸರ್ಕಾರ ಅವರ ಬಗ್ಗೆ ಹೆಚ್ಚುಕಡಿಮೆ ತಾಯಿಯಂತೆ ಕಾಳಜಿ ವಹಿಸಿದೆ ಎಂಬರ್ಥದ ಮಾತು ಅದು. ನೂರೈವತ್ತೆಂಟು ವರ್ಷ ಕಳೆದರೂ ಕುಶಲ ವಿಚಾರಿಸುವ ಮನೆತನದ ಪದ್ಧತಿ ತಪ್ಪಿರಲಿಲ್ಲ.

ಈಗಿನದಕ್ಕೂ ನಿಮಗೂ ಹೋಲಿಕೆಯೇ ಇಲ್ಲ ಎಂದು ಈಗಿನವರು ಸಿಟ್ಟಾಗುತ್ತಾರೆ. ಅವರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯಲ್ಲಿ ಬಂಧನಕ್ಕೆ ಹನ್ನೆರಡು ತಿಂಗಳ ಮಿತಿಯಿದೆ, ಸಲಹಾ ಮಂಡಳಿ ಇದೆ, ಕಾರಣ ತಿಳಿಸಬೇಕೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ನಿಮ್ಮ ನಮೂನೆಯಲ್ಲಿ ಇಲ್ಲದ ಖಾಲಿ ಜಾಗವನ್ನು ಕೊನೆಗೂ ಬಿಟ್ಟಿದ್ದಾರೆ, ಸಂತೋಷ. ಆದರೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆನಿಸಿದ ಸಂಗತಿಗಳನ್ನು ಬಂದಿಗೆ ಹೇಳಬೇಕಿಲ್ಲ ಎಂದು ಅದೇ ವಿಧಿ ಪಕ್ಕದ ಸಾಲಿನಲ್ಲಿ ಸೇರಿಸುತ್ತದೆ. ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಬಂದಿಗಿಲ್ಲ ಎಂದು ಭದ್ರತಾ ಕಾಯಿದೆ ಹೇಳುತ್ತದೆ. ಮಂಡಳಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಒಳಗಿಡಬಹುದಾದ ಅವಕಾಶವನ್ನು ಎರಡು ತಿಂಗಳಿಗೆ ಇಳಿಸಿ, ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕೆಂದು 1978ರಲ್ಲಿ ಸಂಸತ್ತು 44ನೇ ತಿದ್ದುಪಡಿಯಲ್ಲಿ ಅಂಗೀಕರಿಸಿತು. ಆ ಕಲಮು ಯಾವತ್ತಿನಿಂದ ಜಾರಿಗೆ ಬರಬೇಕೆಂಬ ದಿನಾಂಕವನ್ನು ಸರ್ಕಾರ ಗೊತ್ತುಪಡಿಸಬೇಕಿತ್ತು. ಆಮೇಲೆ ಬಂದ ಯಾವ ಸರ್ಕಾರವೂ ಅದನ್ನು ಗೊತ್ತುಪಡಿಸಿಲ್ಲ.

ಇಂತಿ ನಮಸ್ಕಾರಗಳು,
ಸದ್ಯಕ್ಕೆ ಹೊರಗಿರುವ ಒಬ್ಬ ನಾಗರಿಕ