ಅದಿರಿನ ಸೌಜನ್ಯ

ಕೆಂಪು ಪುಡಿಯ ಮಾತು ಬಂದರೆ ಬ್ಯಾಡಗಿಯವರಿಗೆ ಸ್ವಲ್ಪ ಜಂಬ ಜಾಸ್ತಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ತಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತೆಂದು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಅದೇ ವರ್ಷದ ಜುಲೈ 27ರಂದು ಪಕ್ಕದ ಬಳ್ಳಾರಿಯ ಕೆಂಪು ಪುಡಿಗೆ ಸಿಕ್ಕ ಮರ್ಯಾದೆ ಇವರಿಗೆ ನೆನಪಿಲ್ಲ. ಮೆಣಸಿನಕಾಯಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ. ಕಬ್ಬಿಣದ ಅದಿರಿನ ಮೇಲೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸಾವಿರಾರು ಪುಟಗಳ ವರದಿಯನ್ನೇ ಕೊಟ್ಟರು. ವರದಿ ಬಂದ ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮೆಣಸಿನಕಾಯಿಗೆ ಆ ತಾಕತ್ತು ಎಲ್ಲಿಂದ ಬರಬೇಕು? ಅದರ ಘಾಟಿಗೆ ಹೆಚ್ಚೆಂದರೆ ನಾಲ್ಕು ಜನ ಸೀನುತ್ತಾರೆ.

ನಿಜ ಹೇಳಬೇಕೆಂದರೆ ಮೆಣಸಿನಕಾಯಿಗೆ ಸೌಜನ್ಯವೇ ಗೊತ್ತಿಲ್ಲ. ಹಂಗಾಮಿನ ಸೋಮವಾರವೋ ಗುರುವಾರವೋ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿ. ಬಸ್ಸಿನಿಂದ ಇಳಿಯುವ ಮೊದಲೇ ಕಣ್ಣಲ್ಲಿ ನೀರು ಬರಿಸುತ್ತದೆ. ಅದನ್ನು ತಂದ ರೈತ ಹಿಂದಿನ ರಾತ್ರಿಯೇ ಬಂದು ಚೀಲದ ಮೇಲೆಯೇ ಮಲಗಿರುತ್ತಾನೆ. ಬೆಳಿಗ್ಗೆ ಅಡತಿ ಅಂಗಡಿಯ ಮುಂದೆ ಲಾಟ್ ಹಚ್ಚಬೇಕು, ಅದಕ್ಕೊಂದು ನಂಬರು ಬೀಳಬೇಕು. ಖರೀದಿದಾರರು ಬಂದು ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಮುರಿದು ಮೂಸಿ, ಹಸಿ ಐತಿ ಅಂದು ಮುಂದಿನ ಲಾಟಿಗೆ ಹೋಗಬೇಕು. ಟೆಂಡರ್ ಆಗಬೇಕು, ಹಮಾಲರು ತೂಕ ಮಾಡಬೇಕು, ಪಟ್ಟಿ ಬರೆಯಬೇಕು. ಇಷ್ಟೆಲ್ಲ ಲೆಕ್ಕಪತ್ರ ಮುಗಿಯದೆ ಒಂದು ಚೀಲವೂ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಇಷ್ಟು ಜನಕ್ಕೆ ತ್ರಾಸು ಕೊಟ್ಟು ಮಾರಾಟವಾಗುವ ಸರಕನ್ನು ಒಳ್ಳೆಯದು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅದಿರು ಹಾಗಲ್ಲ, ಬಹಳ ಸಂಕೋಚದ ಸ್ವಭಾವ. ಯಾರಿಗೂ ತೊಂದರೆಯಾಗಬಾರದೆಂದು ರಾತ್ರಿ ಹೊತ್ತು ಹೊರಡುತ್ತಿತ್ತು. ಹೆಚ್ಚು ಲಾರಿ ಓಡಿದರೆ ರಸ್ತೆ ಹಾಳಾದೀತೆಂಬ ಕಾಳಜಿಯಿಂದ ಇದ್ದ ಲಾರಿಯಲ್ಲೇ ಮಿತಿಮೀರಿ ತುಂಬಿಕೊಳ್ಳುತ್ತಿತ್ತು. ಕಾಗದ ಉಳಿಸಬೇಕೆಂಬ ಪರಿಸರಪ್ರಜ್ಞೆಯೂ ಅದಕ್ಕಿತ್ತು: 2006ರಿಂದ 2010ರ ಒಳಗೆ ಹೆಚ್ಚುಕಡಿಮೆ 2.98 ಕೋಟಿ ಟನ್ ಅದಿರು ಪರವಾನಗಿಯ ಗೊಡವೆಯಿಲ್ಲದೆ ಹಡಗು ಹತ್ತಿತೆಂದು ಲೋಕಾಯುಕ್ತ ವರದಿ ಹೇಳುತ್ತದೆ. ಅಷ್ಟಕ್ಕೂ ಚೀಟಿ ಹರಿಯುವುದಾಗಿದ್ದರೆ ದಾಂಡೇಲಿಯ ಎಷ್ಟು ಬಿದಿರು ಹಾಳಾಗುತ್ತಿತ್ತೋ! ಬೊಕ್ಕಸಕ್ಕೆ ಇದರಿಂದ 16,085 ಕೋಟಿ ರೂಪಾಯಿ ನಷ್ಟವಾಯಿತೆಂದು ಅದೇ ವರದಿ ಲೆಕ್ಕ ಹಾಕಿದೆ. ಕೊಟ್ಟಿದ್ದನ್ನು ಲೆಕ್ಕ ಇಡುವುದು ಉದಾರಿಗಳ ಲಕ್ಷಣವಲ್ಲ. ನಮ್ಮ ಸರ್ಕಾರಗಳು ಆ ಲೆಕ್ಕ ಇಡದಿದ್ದದ್ದಕ್ಕೆ ಅವನ್ನು ಉದಾರಿ ಎಂದೇ ಕರೆಯಬೇಕು. 2009ರವರೆಗೂ ಟನ್ ಅದಿರಿಗೆ ಪಡೆಯುತ್ತಿದ್ದ ರಾಜಧನ ಮೂವತ್ತು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಆ ದುಡ್ಡಿಗೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಮಿರ್ಚಿ ತಿಂದು ಚಹಾ ಕುಡಿದರೆ ಮುಗಿಯಿತು. ಬೀಜಿಂಗ್ ಒಲಿಂಪಿಕ್ಸಿಗೆಂದು ಚೀನಾದವರು ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ನೆರೆಯವರ ಮನೆಯ ಕಾರ್ಯಕ್ಕೆ ಗುಡ್ಡವನ್ನೇ ಮುಯ್ಯಿ ಮಾಡಿ ಕಳಿಸಿದ ನಾಡು ಚರಿತ್ರೆಯಲ್ಲಿ ಬೇರೊಂದಿದ್ದರೆ ಹೇಳಿ.

ಈ ಗುಡ್ಡಗಳು ಆಗಲು ಹಿಡಿದ ಸಮಯ ನೋಡಿದರೆ ನಿಸರ್ಗ ಎಷ್ಟು ಆಲಸಿ ಎಂಬುದು ತಿಳಿಯುತ್ತದೆ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ನೀರಲ್ಲಿ ಕರಗಿದ್ದ ಕಬ್ಬಿಣ, ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ತಾಗಿ ತುಕ್ಕಾಗಿ ತಳ ಸೇರಿ, ಪದರ ಪದರವಾಗಿ ಗಟ್ಟಿಯಾಗಿ, ಮೇಲೆದ್ದು, ಮಳೆಗೆ ಸಿಲಿಕಾ ತೊಳೆದುಹೋಗಿ ಸಂಡೂರಿನ ಹೆಮಟೈಟ್ ಆಯಿತು. ಆಸ್ಟ್ರೇಲಿಯಾದ ಪಿಲ್ಬರದ ಕತೆಯೂ ಸರಿಸುಮಾರು ಇದೇ. ಅಲ್ಲಿಯವರು ಎರಡು ಕಿಲೋಮೀಟರಿಗೂ ಉದ್ದದ ರೈಲು ಕಟ್ಟಿ, ಪ್ರತಿ ಗಾಡಿಯ ತೂಕ ಬರೆದಿಟ್ಟು ಹಡಗಿಗೆ ಸಾಗಿಸುತ್ತಾರೆ. ಅಪನಂಬಿಕೆಯ ಜನ. ನಮ್ಮಲ್ಲಿ ಕೋಟ್ಯಂತರ ವರ್ಷದ ಕೆಲಸವನ್ನು ಏಳೆಂಟು ವರ್ಷದಲ್ಲಿ, ಟಿಪ್ಪರಿನಲ್ಲಿ, ಪರಸ್ಪರ ವಿಶ್ವಾಸದ ಮೇಲೆ ಕರಗಿಸಿದರು.

ವಿಶ್ವಾಸ ಅಂದೆನಲ್ಲ, ಅದರ ಪರಾಕಾಷ್ಠೆ ನೋಡಬೇಕೆಂದರೆ ಅಂಕೋಲೆಯ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗಬೇಕು. 2010ರ ಮಾರ್ಚಿನಲ್ಲಿ ಅರಣ್ಯಾಧಿಕಾರಿಗಳು ಅಲ್ಲಿ ಸುಮಾರು ಎಂಟು ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿದರು. ಕೆಲವೇ ತಿಂಗಳಲ್ಲಿ ಅದರಲ್ಲಿ ಸುಮಾರು ಐದು ಲಕ್ಷ ಟನ್ ಕಾಣೆ. ಜಪ್ತಿಯಾದ ಮಾಲು ಸರ್ಕಾರಕ್ಕೆ ಭಾರವಾಗಬಾರದೆಂದು ತಾನಾಗಿಯೇ ಎದ್ದು ಹೋಗುವುದೆಂದರೆ ಎಂಥ ಸಂಸ್ಕಾರ! ನಮ್ಮ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಮೆಣಸಿನಕಾಯಿ ಇದೆಯಲ್ಲ, ರಸೀದಿ ತೋರಿಸಿ ಬಾಡಿಗೆ ಕಟ್ಟುವತನಕ ಕದಲುವುದಿಲ್ಲ. ಜಡ.

ಇಷ್ಟು ಹತ್ತಿರದಲ್ಲಿ ಇಂಥ ಸಜ್ಜನಿಕೆ ಇದ್ದೂ ನಮ್ಮ ಹಾವೇರಿ ಜಿಲ್ಲೆಗೆ ಅದರ ಗಾಳಿ ತಾಗಲಿಲ್ಲ. ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗದ ಒಂದು ಉಪಗುಂಪಿಗೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಹೆಸರೇನೋ ಬಂತು, ಒಳಗೆ ನೋಡಿದರೆ ಹೆಚ್ಚಿನದು ಬೂದು ಬಣ್ಣದ ಗ್ರೇವ್ಯಾಕ್ ಕಲ್ಲು. ಅದರ ಮೇಲಿನ ನೆಲದಲ್ಲಿ ಹತ್ತಿ, ಗೋವಿನಜೋಳ ಬೆಳೆಯಬಹುದು. ಗಣಿ ಧಣಿಗಳ ಹೆಲಿಕಾಪ್ಟರ್ ಬೆಳೆಯಲು ಆಗುವುದಿಲ್ಲ.

ಹಾಗಾಗಿ ನಮ್ಮ ಜನ ಸಣ್ಣ ಸಣ್ಣದನ್ನೇ ಕೇಳಿ ರೂಢಿ ಮಾಡಿಕೊಂಡರು. 2008ರ ಮೇ ಕೊನೆಯಲ್ಲಿ ಹೊಸ ಸರ್ಕಾರ ಬಂತು. ಸಂಡೂರಿನ ಗುಡ್ಡಗಳು ಹಗಲೂ ರಾತ್ರಿ ರಸ್ತೆಗೆ ಇಳಿಯುತ್ತಿದ್ದ ವರ್ಷ. ಅದೇ ಜೂನ್ 10ರಂದು ಹಾವೇರಿಯಲ್ಲಿ ರೈತರು ಬಿತ್ತನೆ ಹೊತ್ತಿಗೆ ಗೊಬ್ಬರ ಸಿಗುತ್ತಿಲ್ಲವೆಂದು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ಆಡಳಿತದ ದೃಷ್ಟಿಯಿಂದ ನೋಡಿದರೆ ರೈತರದ್ದೇ ತಪ್ಪು. ಅವರು ಕೇಳಿದ್ದು ಒಂದೊಂದು ಚೀಲ. ಅಷ್ಟು ಸಣ್ಣ ಬೇಡಿಕೆಯನ್ನು ಯಾವ ಇಲಾಖೆ ಯಾವ ಫೈಲಿನಲ್ಲಿ ಇಡಬೇಕು? ಗುಡ್ಡ ಕೇಳಿದ್ದರೆ ಸರಿಯಾದ ಮೇಜಿಗೆ ಹೋಗಿರುತ್ತಿತ್ತು. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲೂ ಹೀಗೇ ಆಯಿತು. ಮೆಣಸಿನಕಾಯಿ ದರ ಬಿತ್ತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಅಲ್ಲಿ ಪೊಲೀಸರು ತಡ ಮಾಡಲಿಲ್ಲ, ಬಂಧನಗಳಾದವು. ಕೆಂಪು ಸರಕಿನ ವಿಷಯದಲ್ಲಿ ಕಾನೂನು ಇಷ್ಟು ಚುರುಕಾಗಬಲ್ಲದೆಂದು ಬೇಲೆಕೇರಿಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ.

ನಮ್ಮ ಜಿಲ್ಲೆಯ ಇನ್ನೊಂದು ಅಪರಾಧವನ್ನೂ ಇಲ್ಲಿ ದಾಖಲಿಸಬೇಕು. ಈ ಭವ್ಯ ಉದ್ಯಮಕ್ಕೆ ಕಲ್ಲು ಹಾಕಿದ ಅರ್ಜಿಯ ಬೇರು ಹುಡುಕುತ್ತ ಹೋದರೆ ಅದು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಗೆ ಬಂದು ನಿಲ್ಲುತ್ತದೆ. ಅಮೆರಿಕದ ಕೆಲಸ ಬಿಟ್ಟು ಬಂದ ಎಸ್.ಆರ್. ಹಿರೇಮಠರು 1979ರ ಸುಮಾರಿಗೆ ಗ್ರಾಮಾಭಿವೃದ್ಧಿ ಎಂದು ಬೀಡುಬಿಟ್ಟದ್ದು ಆ ಊರಲ್ಲಿ. ಮುಂದೆ ಅವರ ಸಮಾಜ ಪರಿವರ್ತನ ಸಮುದಾಯ 1987ರ ನವೆಂಬರಿನಲ್ಲಿ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಮಾಡಿತು. ಊರಿನ ಗೋಮಾಳದಲ್ಲಿ ಕಂಪನಿಗೆಂದು ನೆಟ್ಟ ನೀಲಗಿರಿ ಕಿತ್ತು ಜನಕ್ಕೆ ಬೇಕಾದ ಸಸಿ ಹಚ್ಚಿದರು. ನೀಲಗಿರಿ ಕೀಳಲು ಬಂದ ಕೈಗಳು ಅಲ್ಲಿಗೇ ಸುಮ್ಮನಾಗಲಿಲ್ಲ. 2009ರಲ್ಲಿ ಅದೇ ಸಮುದಾಯ ಗಣಿಗಾರಿಕೆಯ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳು ನಿಂತವು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನವೂ ನಿಂತವು, 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ನಿಯಮ ಮೀರಿದ ‘ಸಿ’ ವರ್ಗದ ಗುತ್ತಿಗೆಗಳೇ ರದ್ದಾದವು. ಒಂದು ಹಳ್ಳಿಯಲ್ಲಿ ಸುಮ್ಮನೆ ಬಾವಿ, ಕುರಿ, ಸಾಲ ಎಂದು ಮಾತಾಡಿಕೊಂಡಿರಲು ಬಿಟ್ಟರೆ ಎಲ್ಲಿಗೆ ಮುಟ್ಟುತ್ತದೆ ನೋಡಿ. ಜಿಲ್ಲಾಡಳಿತ ಇನ್ನಾದರೂ ಮೇಡ್ಲೇರಿಯ ಮೇಲೆ ಒಂದು ಕಣ್ಣಿಡಬೇಕು.

ಸಮಾಧಾನದ ಸಂಗತಿಯೆಂದರೆ ಒಳ್ಳೆಯದಕ್ಕೆ ಕೊನೆಯಿಲ್ಲ. 2022ರಲ್ಲಿ ಕೋರ್ಟು ರಫ್ತಿಗೆ ಮತ್ತೆ ಒಪ್ಪಿತು, ವರ್ಷದ ಉತ್ಪಾದನೆಯ ಮಿತಿಯನ್ನು 5 ಕೋಟಿ ಟನ್ನಿಗೆ ಏರಿಸಿತು. ಹಾಳಾದ ಜಾಗವನ್ನು ಸರಿಪಡಿಸಲೆಂದು ಅದಿರಿನ ಮಾರಾಟದಿಂದ ಹಿಡಿದಿಟ್ಟ ಹಣ ಸಾವಿರಾರು ಕೋಟಿಯಾಗಿ ಬೆಳೆದಿದೆ, ಅದನ್ನು ಖರ್ಚು ಮಾಡಲು ಒಂದು ನಿಗಮವೇ ಇದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿಗೆ ಅದರಿಂದ ರಸ್ತೆ, ಆಸ್ಪತ್ರೆ, ಶಾಲೆ ಬರುತ್ತವೆ. ಹಾವೇರಿಗೆ ಇಲ್ಲ. ಪುನಶ್ಚೇತನಕ್ಕೆ ಅರ್ಹರಾಗಲು ಮೊದಲು ಕ್ರಮಬದ್ಧವಾಗಿ ಹಾಳಾಗಿರಬೇಕು, ಆ ಅರ್ಹತೆಯಲ್ಲಿ ನಾವು ಹಿಂದುಳಿದ ಜಿಲ್ಲೆ.

ಆದ್ದರಿಂದ ನಮಗೂ ಒಂದು ಗುಡ್ಡ ಬೇಕು. ರಾಣೆಬೆನ್ನೂರು ತಾಲೂಕಿನಲ್ಲೇ ದೇವರಗುಡ್ಡ ಇದೆ, ಹೆಸರಿನಲ್ಲೇ ಅರ್ಧ ಕೆಲಸ ಆಗಿದೆ. ಮೇಲೆ ಮಾಲತೇಶ ಇದ್ದಾನೆಂದು ಭಕ್ತರು ತಕರಾರು ತೆಗೆಯಬಹುದು. ಬಳ್ಳಾರಿ-ಆಂಧ್ರ ಗಡಿಯ ಗಣಿಪ್ರದೇಶದಲ್ಲಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಸಿಡಿಮದ್ದಿಗೆ ಉರುಳಿದ ಮೇಲೆ ಇಂಥ ತಕರಾರುಗಳಿಗೆ ಪರಿಹಾರ ಉಂಟೆಂಬುದು ಸಾಬೀತಾಗಿದೆ. ಕೆಳಗೆ ಕಬ್ಬಿಣ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಮೊದಲು ಅರ್ಜಿ ಬೀಳಲಿ. ಮಹಾನವಮಿಗೆ ಗೊರವಪ್ಪ ಬಿಲ್ಲೇರಿ ಕಾರ್ಣಿಕ ನುಡಿಯುವ ಒಂದು ಸಂಜೆ ಮಾತ್ರ ಲಾರಿ ನಿಲ್ಲಿಸಿದರೆ ಸಾಕು. ಅವನು ಏನು ನುಡಿದರೂ ಅದಿರಿನ ದರ ಏರುತ್ತದೆಂದೇ ಅರ್ಥ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.