ಬ್ರೂನೋನ ಸೊಂಟ

ದಿನಾ ಅರ್ಧ ಗಂಟೆ ನಡೀರಿ ಅಂತ ಡಾಕ್ಟರು ನನಗೆ ಬರೆದುಕೊಟ್ಟ ಚೀಟಿಯ ಶಾಯಿ ಕೂಡ ಈಗ ಮಾಸಿದೆ. ಹಾಗಂತ ನಾನು ಮರೆತವನಲ್ಲ. ಸಂಜೆ ಟೀವಿ ಮುಂದೆ ಕೂತಾಗಲೆಲ್ಲ ತಪ್ಪದೆ ನೆನಪಾಗುತ್ತಿತ್ತು. ಮಳೆಗಾಲ ಕಳೆಯಲಿ ಅಂತ ಕಾದೆ. ಕಳೆಯಿತು, ಚಳಿ ಬಂತು. ಚಳಿಯಲ್ಲಿ ಬೆಳಿಗ್ಗೆ ಹೊರಗೆ ಹೋದರೆ ಕೆಮ್ಮು. ಇನ್ನು ಬೇಸಿಗೆಯಲ್ಲಿ ಯಾರಾದರೂ ನಡೀತಾರೆಯೇ? ಹೀಗೆ ಋತುಗಳೆಲ್ಲ ಸರದಿಯ ಮೇಲೆ ನನ್ನ ಪರ ವಹಿಸುತ್ತಾ ಬಂದವು, ಮನೆಯವರೂ ತಕರಾರು ಮಾಡಲಿಲ್ಲ. ಆದರೆ ಪಶುವೈದ್ಯರು ನಮ್ಮ ನಾಯಿಗೆ ಅದೇ ಮಾತು ಹೇಳಿದರು ನೋಡಿ, ಅವತ್ತು ಸಂಜೆಯೇ ಮನೆಯಲ್ಲಿ ಸಭೆ ಸೇರಿತು. 'ಪಾಪ, ಮೂಕಪ್ರಾಣಿ' ಅಂದಳು ನಮ್ಮಾಕೆ. ಮಾತು ಬರುವ ಪ್ರಾಣಿಯ ಬಗ್ಗೆ ಅಂಥ ಮರುಕ ಆ ಮನೆಯಲ್ಲಿ ಯಾವತ್ತೂ ಹುಟ್ಟಿರಲಿಲ್ಲ. ಬ್ರೂನೋನನ್ನು ಎರಡು ಹೊತ್ತೂ ವಾಕಿಂಗ್ ಕರೆದುಕೊಂಡು ಹೋಗಬೇಕೆಂಬ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಕರೆದುಕೊಂಡು ಹೋಗುವವರು ಯಾರು ಎಂಬ ವಿಷಯ ಬಂದಾಗ, ಮನೆಯಲ್ಲಿ ರಿಟೈರಾದವನು ನಾನೊಬ್ಬನೇ ಇದ್ದೆ.

ಬ್ರೂನೋ ನಾನು ತಂದ ನಾಯಿಯಲ್ಲ. 2022ರಲ್ಲಿ '777 ಚಾರ್ಲಿ' ಸಿನಿಮಾ ಬಂತಲ್ಲ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಅದನ್ನು ನೋಡಿ ಅತ್ತಳು. ಅತ್ತು ಸುಮ್ಮನಾಗಿದ್ದರೆ ಟಿಕೆಟ್ಟಿನ ದುಡ್ಡಿನಲ್ಲಿ ಮುಗಿದುಹೋಗುತ್ತಿತ್ತು. ಅವಳು ಒಂದು ಲ್ಯಾಬ್ರಡಾರ್ ಮರಿಯನ್ನೇ ತಂದಳು. ಪೀಜಿಯವರು ನಾಯಿ ಅಂದ ಕೂಡಲೇ ಬಾಗಿಲು ತೋರಿಸಿದರು. ಮುಂದಿನ ಶನಿವಾರ ಮರಿ ಕಾರಿನಲ್ಲಿ ಕೂತು ಮೈಸೂರಿಗೆ ಬಂತು, 'ಸ್ವಲ್ಪ ದಿನ ಇರಲಿ ಅಪ್ಪಾ' ಎಂಬ ಶಿಫಾರಸಿನೊಂದಿಗೆ. ಕುವೆಂಪುನಗರದ ನಮ್ಮ ಬೀದಿಯಲ್ಲೇ ಹೀಗೆ 'ಸ್ವಲ್ಪ ದಿನ'ಕ್ಕೆ ಬಂದು ಠಿಕಾಣಿ ಹೂಡಿರುವ ನಾಯಿಗಳು ಇನ್ನೂ ಇವೆ. ನಮ್ಮಮ್ಮನಿಗೆ ಬ್ರೂನೋ ಎಂಬ ಹೆಸರು ನಾಲಿಗೆಗೆ ಹತ್ತಲಿಲ್ಲ. ಅವಳ ಪಾಲಿಗೆ ಅವನು ಬೂರಣ್ಣ. ಬೂರಣ್ಣನಿಗೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ, ಸಂಜೆ ಅಮ್ಮ ತಾನು ತಿನ್ನುವ ಚಕ್ಕುಲಿಯಲ್ಲಿ ಅರ್ಧ. ಉಳಿದರ್ಧ ಅಮ್ಮನ ಹಲ್ಲಿಗೆ ಗಟ್ಟಿಯಾದ ದಿನ ಅದೂ ಅವನಿಗೇ.

ಪಶುವೈದ್ಯರು ತೂಕ ನೋಡಿದರು, 38 ಕೆ.ಜಿ. ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36ರೊಳಗೆ ಇರಬೇಕಂತೆ. ಆಮೇಲೆ ಅವರು ಅವನ ಪಕ್ಕೆಯ ಮೇಲೆ ಕೈಯಾಡಿಸಿದರು. ನಾಯಿ ಸರಿಯಾಗಿದ್ದರೆ ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಬೆರಳಿಗೆ ಮಾತ್ರ ಸಿಗಬೇಕು. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಗೆ ಸರಿದಿರಬೇಕು. 'ನೋಡಿ ಸಾರ್, ಇವನಿಗೆ ಸೊಂಟವೇ ಇಲ್ಲ' ಅಂದರು. ಆ ರಾತ್ರಿ ಬಚ್ಚಲಮನೆಯಲ್ಲಿ ನಾನು ನನ್ನ ಪಕ್ಕೆ ಹುಡುಕಿಕೊಂಡೆ. ಎಲುಬುಗಳು ಇದ್ದೇ ಇರಬೇಕು, ಎಕ್ಸ್‌ರೇಯಲ್ಲಿ ಒಮ್ಮೆ ನೋಡಿದ ನೆನಪಿದೆ.

ತಪ್ಪು ಪೂರ್ತಿ ಅಮ್ಮನದೂ ಅಲ್ಲ, ಬ್ರೂನೋನದೂ ಅಲ್ಲ. 2016ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಲ್ಯಾಬ್ರಡಾರ್‌ಗಳ ಹಸಿವಿನ ಮೂಲ ಹುಡುಕುತ್ತಾ ಹೊರಟಾಗ, ಪೋಮ್ಕ್ ಎಂಬ ವಂಶವಾಹಿಯ ಒಂದು ತುಣುಕು ಸುಮಾರು ನಾಲ್ಕಕ್ಕೊಂದು ನಾಯಿಯಲ್ಲಿ ಉದುರಿಹೋಗಿರುವುದು ಸಿಕ್ಕಿತು. ಆ ತುಣುಕು ಇಲ್ಲದ ನಾಯಿಗೆ ಊಟದ ಮೇಲೆ ಆಸೆ ಹೆಚ್ಚು, ಮೈಯೂ ಹೆಚ್ಚು. ಈ ಸುದ್ದಿ ಓದಿದಾಗಿನಿಂದ ನನಗೆ ಮನಸ್ಸು ಬಹಳ ಹಗುರ. ಮದುವೆಮನೆಯಲ್ಲಿ ಎರಡನೇ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಾಗದ ನಮ್ಮ ವಂಶದಲ್ಲಿ ಏನೇನು ಉದುರಿದೆಯೋ ಯಾರಿಗೆ ಗೊತ್ತು. ನಮ್ಮನ್ನು ಪರೀಕ್ಷೆ ಮಾಡಲು ಕೇಂಬ್ರಿಜ್‌ನಿಂದ ಯಾರೂ ಬಂದಿಲ್ಲ, ಅಷ್ಟೇ.

ಮಗಳು ಕೈಗೊಂದು ಹೆಜ್ಜೆ ಎಣಿಸುವ ವಾಚು ಕಳಿಸಿದಳು. ದಿನಕ್ಕೆ 10,000 ಹೆಜ್ಜೆ ಎಂದು ಗುರಿ ಇಟ್ಟಳು, ಬೆಂಗಳೂರಿನಲ್ಲೇ ಕೂತು ಫೋನಿನಲ್ಲಿ ನನ್ನ ಲೆಕ್ಕ ನೋಡತೊಡಗಿದಳು. ಈ ಹತ್ತು ಸಾವಿರ ಯಾವ ಆಸ್ಪತ್ರೆಯಲ್ಲೂ ಹುಟ್ಟಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನ ಹುರುಪಿನಲ್ಲಿ, ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ಬಿಟ್ಟು, ಅದಕ್ಕೆ 'ಹತ್ತು ಸಾವಿರ ಹೆಜ್ಜೆ' ಅಂತಲೇ ಹೆಸರಿಟ್ಟಿತು. ಯಂತ್ರ ಮಾರಲು ಕಟ್ಟಿದ ಹೆಸರು ಇವತ್ತು ಕುವೆಂಪುನಗರದಲ್ಲಿ ನನ್ನ ಮಂಡಿ ಹಿಡಿದಿದೆ. ವಿಶ್ವ ಆರೋಗ್ಯ ಸಂಸ್ಥೆ ಪಾಪ ಹೆಜ್ಜೆಯ ಗೊಡವೆಗೇ ಹೋಗಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಸಾಕು ಅನ್ನುತ್ತದೆ. ಮಧ್ಯಮ ಅಂದರೆ ಎಷ್ಟು? ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದು ವೈದ್ಯರೇ ಹೇಳುವ ಸುಲಭದ ಪರೀಕ್ಷೆ. ನನಗೆ ಕೂತಲ್ಲೂ ಹಾಡಲು ಬರುವುದಿಲ್ಲ. ಆ ಲೆಕ್ಕದಲ್ಲಿ ನಾನು ಹುಟ್ಟಿದಾಗಿನಿಂದ ವ್ಯಾಯಾಮ ಮಾಡುತ್ತಲೇ ಇದ್ದೇನೆ.

ಆದರೆ ನಾಯಿಯ ಜೊತೆ ಹೋಗುವುದನ್ನು ವಾಕಿಂಗ್ ಅಂತ ಕರೆದವರು ಯಾರೋ ನಾಯಿ ಸಾಕದವರೇ ಇರಬೇಕು. ಅದು ನಿಲ್ಲುವ ಕೆಲಸ, ನಡುನಡುವೆ ಅಷ್ಟು ನಡಿಗೆ. ಗೇಟು ದಾಟಿದ ಕೂಡಲೇ ಲೈಟುಕಂಬ, ಅಲ್ಲಿಂದ ಹೊಂಗೆಮರ, ಆಮೇಲೆ ಯಾರದೋ ಸ್ಕೂಟರಿನ ಚಕ್ರ. ಪ್ರತಿಯೊಂದರ ಬುಡದಲ್ಲೂ ಬ್ರೂನೋ ಮೂಗು ಊರಿ ನಿಲ್ಲುತ್ತಾನೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಐವತ್ತು ಅರವತ್ತು ಲಕ್ಷ, ನಾಯಿಗೆ ಇಪ್ಪತ್ತು ಮೂವತ್ತು ಕೋಟಿಯವರೆಗೂ ಇರುತ್ತವೆ ಅನ್ನುತ್ತಾರೆ. ಅಷ್ಟು ಆಸ್ತಿ ಇರುವವನು ಅವಸರ ಯಾಕೆ ಮಾಡಿಯಾನು? ನಾನು ಬೆಲ್ಟು ಎಳೆಯುತ್ತೇನೆ, ಅವನು ಕತ್ತೆತ್ತಿ ನೋಡುತ್ತಾನೆ. ಆ ನೋಟದಲ್ಲಿ ಬೈಗುಳ ಇರುವುದಿಲ್ಲ. ಈ ಮನುಷ್ಯನಿಗೆ ಈ ಕಂಬದಲ್ಲಿ ಏನೂ ಸಿಗುತ್ತಿಲ್ಲವಲ್ಲ ಅನ್ನುವ ಸಂಕಟ ಇರುತ್ತದೆ. ಹೀಗೆ ನಿಂತಿದ್ದಾಗಲೇ ಕೈಯ ವಾಚು ಗುಂಯ್‌ಗುಟ್ಟಿ, ನೀವು ಬಹಳ ಹೊತ್ತಿನಿಂದ ಅಲ್ಲಾಡಿಲ್ಲ ಎಂದು ಎಚ್ಚರಿಸುತ್ತದೆ.

ಇನ್ನು ಮೂಲೆಮೂಲೆಯ ಬೀದಿನಾಯಿಗಳು. ನಮ್ಮ ಬಡಾವಣೆಗೆ ವಾರ್ಡುಗಳಿವೆ ಅಂತ ನಾನು ತಿಳಿದಿದ್ದೆ. ನಿಜವಾದ ಗಡಿಗಳು ಬೇರೆಯೇ ಇವೆ. ಎರಡನೇ ಕ್ರಾಸಿನ ತಂಡ ನಮ್ಮನ್ನು ಬೊಗಳುತ್ತಾ ಹಿಂಬಾಲಿಸಿ, ಮದುವೆ ದಿಬ್ಬಣವನ್ನು ಊರ ಗಡಿಯವರೆಗೆ ಬಿಟ್ಟು ಬರುವ ನೆಂಟರ ಹಾಗೆ ಮೋರಿಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಮೂರನೇ ಕ್ರಾಸಿನವರ ಹೊಣೆ. ಈ ಹಸ್ತಾಂತರದ ಗಳಿಗೆಯಲ್ಲಿ ಬ್ರೂನೋ ನನ್ನ ಎರಡು ಕಾಲುಗಳ ನಡುವೆ ನುಸುಳಿ ನಿಲ್ಲುತ್ತಾನೆ. ನೋಡಿದವರಿಗೆ ಯಾರು ಯಾರನ್ನು ಕಾಯಲು ಬಂದವರು ಎಂದು ತಿಳಿಯುವುದಿಲ್ಲ. ಆ ಹತ್ತು ಮಾರು ದಾರಿಯಲ್ಲಿ ಮಾತ್ರ ನನ್ನ ಎದೆಬಡಿತ ವಾಚಿನಲ್ಲಿ 'ತೀವ್ರ ವ್ಯಾಯಾಮ' ಎಂದು ದಾಖಲಾಗುತ್ತದೆ. ಮಗಳು ಫೋನ್ ಮಾಡಿ ಶಭಾಷ್ ಅನ್ನುತ್ತಾಳೆ.

ಇಂಥ ಹೊತ್ತಿನಲ್ಲೇ ನನಗೆ ಕಾಳಿಯ ನೆನಪಾಗುವುದು. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949–50ರ ಒಂದು ಶಾಸನ ಸಿಕ್ಕಿದೆ, ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಕಾಲ. ಗಂಗ ಬೂತುಗನ ಕಡೆಯ ಮಣಲೇರ ಎಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದ್ದು ಕೇಳು ಅಂದರೆ ಆ ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮನೆಗೆ ಹೋದಮೇಲೆ ಅವನ ಹೆಂಡತಿ ಏನಂದಳೋ ಶಾಸನದಲ್ಲಿ ಬರೆದಿಲ್ಲ. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಹಂದಿಯೂ ನಾಯಿಯೂ ಸೆಣಸುವ ಚಿತ್ರ ಕಲ್ಲಿನ ಮೇಲಿದೆ. ಇಲ್ಲಿಗೆ ನೂರು ಕಿಲೋಮೀಟರೂ ಇಲ್ಲದ ಊರಿನ ಆ ಕಥೆಯನ್ನು ನಾನು ಬ್ರೂನೋನಿಗೆ ಹೇಳಿದ್ದೇನೆ. ಅವನಿಗೆ ಹಂದಿ ಹಾಗಿರಲಿ, ಮೂರನೇ ಕ್ರಾಸಿನ ಬೆಕ್ಕನ್ನು ಕಂಡರೂ ಮನೆ ನೆನಪಾಗುತ್ತದೆ.

ಅವನ ಸಾಹಸವೆಲ್ಲ ರಂಗೋಲಿಯ ಮೇಲೆ. ಬೆಳಿಗ್ಗೆ ಆರೂವರೆಗೆ ಬೀದಿಯಲ್ಲಿ ಅಷ್ಟು ಖಾಲಿ ಜಾಗ ಬಿದ್ದಿರುತ್ತದೆ, ಖಾಲಿ ಸೈಟೂ ಇದೆ. ಅದೆಲ್ಲ ಬಿಟ್ಟು, ತುದಿಮನೆಯವರು ಆಗಷ್ಟೇ ಸಾರಿಸಿ ಎಳೆ ಮುಗಿಸಿದ ಜಾಗದ ಪಕ್ಕ ಅವನು ದುಂಡಗೆ ಸುತ್ತಲು ಶುರುಮಾಡುತ್ತಾನೆ. ನಾನು ಆಕಾಶ ನೋಡುತ್ತೇನೆ. 'ಪೇಪರ್ ತಂದಿದೀರಾ ಸಾರ್?' ಎಂದು ಆಕೆ ಕೇಳುತ್ತಾರೆ. ಬಾಯಿ ನಗುತ್ತಿರುತ್ತದೆ, ಕಣ್ಣಲ್ಲ. ತಂದಿರುತ್ತೇನೆ. ಬಗ್ಗಿ, ಎತ್ತಿ, ಕವರಿಗೆ ಗಂಟು ಹಾಕಿ ಏಳುತ್ತೇನೆ. ಯಾವ ಯೋಗಗುರುವಿನಿಂದಲೂ ಬಗ್ಗದ ನನ್ನ ಬೆನ್ನು ಇದಕ್ಕೆ ಬಗ್ಗಿತು. ಮೈಸೂರು ದೇಶದಲ್ಲೇ ಸ್ವಚ್ಛನಗರ ಎನಿಸಿಕೊಂಡ 2015, 2016ರಲ್ಲಿ ಬ್ರೂನೋ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾದೀತು.

ಇಷ್ಟಾಗಿಯೂ ತಿಂಗಳುಗಟ್ಟಲೆ ಅವನ ತೂಕ ಜಗ್ಗಲಿಲ್ಲ. ಕಾರಣ ನಮ್ಮ ದಾರಿಯಲ್ಲೇ ಇತ್ತು. ಗಾಡಿಯ ಹತ್ತಿರ ಇಸ್ತ್ರಿಯವನು 'ಬಾರೋ ಮಗಾ' ಅಂತ ಒಂದು ಬಿಸ್ಕತ್ತು ಕೊಡುತ್ತಿದ್ದ. ಅಪಾರ್ಟ್‌ಮೆಂಟಿನ ವಾಚ್‌ಮನ್ ಎರಡು. ಟೀ ಅಂಗಡಿಯಲ್ಲಿ ಪಾರ್ಲೆ-ಜಿ ಪ್ಯಾಕೆಟ್ಟು ಒಡೆದ ಸದ್ದಿಗೆ, ಅಲ್ಲಿಯವರೆಗೆ ಕಂಬಕಂಬಕ್ಕೂ ನಿಂತವನು ನನ್ನನ್ನು ಎಳೆದುಕೊಂಡೇ ಓಡುತ್ತಿದ್ದ. ನನ್ನ ಕಥೆಯೂ ಬೇರೆಯಲ್ಲ. ನಾಯಿ ಹಿಡಿದು ನಿಂತವನನ್ನು ಬೀದಿಯಲ್ಲಿ ಯಾರೂ ಹಾಗೇ ಬಿಡುವುದಿಲ್ಲ. ಮೂವತ್ತು ವರ್ಷ ಅದೇ ಬೀದಿಯಲ್ಲಿದ್ದು ತಲೆಯಾಡಿಸಿ ಹೋಗುತ್ತಿದ್ದವರು ಈಗ ಗೇಟು ತೆಗೆದು 'ಕಾಫಿ ಕುಡ್ಕೊಂಡ್ ಹೋಗಿ' ಅನ್ನುತ್ತಾರೆ. ಸಕ್ಕರೆ ಬೇಡ ಎನ್ನುವಷ್ಟು ಸಲುಗೆ ಇನ್ನೂ ಬೆಳೆದಿರುವುದಿಲ್ಲ. ಲೆಕ್ಕ ಹಾಕಿದೆ: ನನ್ನ ಗಾತ್ರದವನು ನಿಧಾನವಾಗಿ ಒಂದು ಗಂಟೆ ನಡೆದರೆ ಕರಗುವುದು ಇನ್ನೂರು ಚಿಲ್ಲರೆ ಕ್ಯಾಲರಿ, ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700. ಭಾನುವಾರದ ಒಂದೇ ಒಂದು ಬೆಣ್ಣೆದೋಸೆ ಆ ದಿನದ ನಡಿಗೆಯನ್ನು ಪೂರ್ತಿ ಮುಚ್ಚಿಹಾಕಿ ಮೇಲೆ ಬಾಕಿ ಹೊರಿಸುತ್ತದೆ. ನಡಿಗೆಯಿಂದ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಒಳ್ಳೆಯದಾಗುವುದು ನಿಜ. ಹೊಟ್ಟೆ ಕರಗುವುದು ಮಾತ್ರ ಅಡುಗೆಮನೆಯಲ್ಲಿ. ಈ ಸತ್ಯವನ್ನು ನಾನು ಮನೆಯಲ್ಲಿ ಜೋರಾಗಿ ಹೇಳಿಲ್ಲ.

ಹೇಳದಿದ್ದರೂ ವ್ಯಾಸರು ಆಗಲೇ ಹೇಳಿಬಿಟ್ಟಿದ್ದಾರೆ. ಮಹಾಭಾರತದ ಹದಿನೇಳನೆಯದು ಮಹಾಪ್ರಸ್ಥಾನಿಕ ಪರ್ವ. ಪಾಂಡವರು ಎಲ್ಲ ಬಿಟ್ಟು ಹಿಮಾಲಯದ ಕಡೆ ನಡೆಯುತ್ತಾರೆ, ಹಿಂದೆ ಒಂದು ನಾಯಿ. ನಾಯಿಯ ಜೊತೆ ಅಷ್ಟು ದೂರ ನಡೆದವರು ಪುರಾಣದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ದಾರಿಯಲ್ಲಿ ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ ಬಿದ್ದರು. ಕೊನೆಗೆ ಭೀಮನೂ ಬಿದ್ದು, ನಾನ್ಯಾಕೆ ಬಿದ್ದೆ ಅಂತ ಕೇಳಿದರೆ ಧರ್ಮರಾಯ ಕೊಟ್ಟ ಉತ್ತರ: ನೀನು ಅತಿಯಾಗಿ ತಿಂದೆ, ಬಲದ ಜಂಬ ಕೊಚ್ಚಿದೆ. ಹಸ್ತಿನಾವತಿಯಿಂದ ಅಲ್ಲಿಯವರೆಗೆ ನಡೆದರೂ ಭೀಮನ ಊಟದ ಲೆಕ್ಕ ತೀರಲಿಲ್ಲ ಅಂದಮೇಲೆ, ಕುವೆಂಪುನಗರದಿಂದ ಟೀ ಅಂಗಡಿಗೆ ಹೋಗಿಬರುವವನ ಪಾಡು ಕೇಳಬೇಕೆ? ಕೊನೆಯವರೆಗೆ ತಲುಪಿದವರು ಧರ್ಮರಾಯ ಮತ್ತು ನಾಯಿ. ನಾಯಿಯನ್ನು ಬಿಟ್ಟು ರಥ ಹತ್ತಲ್ಲ ಅಂತ ಇಂದ್ರನ ಎದುರೇ ಹಟ ಹಿಡಿದನಲ್ಲ, ಆ ಹಟವೆಲ್ಲ ನಾಯಿ ಜೊತೆ ನಡೆದೂ ನಡೆದೂ ಬಂದದ್ದೇ ಅಂತ ನನಗೀಗ ಗುಮಾನಿ. ಚಾರ್ಲಿ ಸಿನಿಮಾದ ನಾಯಕನ ಹೆಸರೂ ಧರ್ಮ, ಅವನೂ ಮೈಸೂರಿನಿಂದ ನಾಯಿ ಕರೆದುಕೊಂಡು ಹಿಮದ ಕಡೆಗೇ ಹೊರಡುವುದು. ನಮ್ಮ ಮಗಳು ಅತ್ತದ್ದು ಅಂತೂ ಶಾಸ್ತ್ರೋಕ್ತವಾಗಿಯೇ.

ಆಮೇಲೆ ನಮ್ಮಾಕೆ ಖುದ್ದು ಬೀದಿಗಿಳಿದು ಇಸ್ತ್ರಿಯವನಿಗೂ ವಾಚ್‌ಮನ್‌ಗೂ ಕೈಮುಗಿದು ಬಿಸ್ಕತ್ತು ನಿಲ್ಲಿಸಿದಳು. ಅಮ್ಮನ ಚಕ್ಕುಲಿ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಇಡ್ಲಿಯ ಬದಲು ಬೇಯಿಸಿದ ಸೋರೆಕಾಯಿ, ಕ್ಯಾರೆಟ್ಟು. ಬ್ರೂನೋ ಮೊದಮೊದಲು ತಟ್ಟೆ ಮೂಸಿ ನನ್ನ ಮುಖ ನೋಡಿದ, ಆಮೇಲೆ ತನ್ನ ವಂಶದ ಹಸಿವು ಬಿಡಲಾರದೆ ಅದನ್ನೂ ನೆಕ್ಕಿ ಮುಗಿಸಿದ. ಈ ಸಲ ಪಶುವೈದ್ಯರ ತಕ್ಕಡಿ 35 ತೋರಿಸಿತು. ಮೇಲಿನಿಂದ ನೋಡಿದರೆ ಅವನಿಗೆ ಸೊಂಟ ಬಂದಿತ್ತು. 'ನೀವೂ ಒಂದ್ಸಲ ನಿಂತ್ಕೊಳ್ರೀ' ಅಂದಳು ಇವಳು. ನಿಂತೆ. ಡಾಕ್ಟರು ಮುಳ್ಳು ನೋಡಿ, ಮರ್ಯಾದಸ್ಥರು, 'ಸಾರ್ ಕೇಸು ನಮಗೆ ಬರಲ್ಲ' ಅಂತಷ್ಟೇ ಹೇಳಿದರು. ತೂಕ ಹೋಗಲಿ, ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿಯವರೆಗೆ ಈಗ ನಾನು ಅಲ್ಲಲ್ಲಿ ಕೂರದೆ ಹತ್ತುತ್ತೇನೆ. ಅದನ್ನು ಅಳೆಯಲು ಅವರ ಹತ್ತಿರ ಸಾಧನ ಇರಲಿಲ್ಲ.

ಮಗಳು ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ಬ್ರೂನೋನನ್ನು ಕರೆದುಕೊಂಡು ಹೋಗ್ತೀನಿ ಅಂತ ಫೋನಿನಲ್ಲಿ ಶುರು ಹಚ್ಚಿದಳು. ನೀನು ಆಫೀಸಿಗೆ ಹೋದಮೇಲೆ ಅವನನ್ನು ಸುತ್ತಿಸುವವರು ಯಾರು ಅಂತ ಕೇಳಿದೆ. ಅದಕ್ಕೇ ಅಂತ ಹುಡುಗರಿದ್ದಾರೆ, ಮನೆಗೇ ಬಂದು ಕರೆದುಕೊಂಡು ಹೋಗ್ತಾರೆ, ತಿಂಗಳಿಗೆ ಇಷ್ಟು ಅಂತ ಕೊಟ್ಟರಾಯಿತು ಅಂದಳು. ನನಗೆ ಕಿವಿ ನೆಟ್ಟಗಾಯಿತು. ಹಾಗಾದರೆ ಇಷ್ಟು ದಿನದ ನನ್ನ ಬಾಕಿ ಕಳಿಸು ಅಂದೆ.

'ಏನಪ್ಪಾ ನೀನು, ಪರ್ಸನಲ್ ಟ್ರೈನರ್‌ಗೆ ಇಲ್ಲಿ ಎಷ್ಟು ಕೊಡ್ತಾರೆ ಗೊತ್ತಾ? ನೀನೇ ಅವನಿಗೆ ಕೊಡ್ಬೇಕು.'

ಸ್ಪೀಕರ್ ಹಾಕಿದ್ದೆ. ಒಳಗಿನಿಂದ ಅಮ್ಮನ ದನಿ ಬಂತು: 'ಅದೆಷ್ಟಂತೆ ಕೇಳೋ, ಚಕ್ಕುಲಿ ಲೆಕ್ಕದಲ್ಲಿ ನಾನೇ ತೀರಿಸ್ತೀನಿ.'